ಗಿಡ್ಡ ಕುದುರೆಗೆ ಕಾಗದಪತ್ರ ಮಾಡಿಸುವುದು ಲಾಭವೋ ನಷ್ಟವೋ?

ಎತ್ತರದಲ್ಲಿ ಮೂರು ಅಡಿಯ ಆಸುಪಾಸಿನಲ್ಲೇ ನಿಂತರೂ ಮೈಕಟ್ಟಿನಲ್ಲಿ ದೊಡ್ಡ ಕುದುರೆಯನ್ನೇ ಹೋಲುವ ಪ್ರಾಣಿ ಮಿನಿಯೇಚರ್ ಕುದುರೆ. ಅಮೆರಿಕದಲ್ಲಿ ಇವನ್ನು ಸಾಕುವವರ ಬಾಯಲ್ಲಿ ಇದು ಬರೀ ‘ಮಿನಿ’. ಮಕ್ಕಳ ಒಡನಾಡಿಯಾಗಿ, ಪುಟ್ಟ ಗಾಡಿ ಎಳೆಯಲು, ಪ್ರದರ್ಶನಗಳಲ್ಲಿ ಬಹುಮಾನ ಗೆಲ್ಲಲು, ಆಸ್ಪತ್ರೆಗಳಲ್ಲಿ ರೋಗಿಗಳ ಮನಸ್ಸು ಹಗುರ ಮಾಡಲು ಅಲ್ಲಿ ಇವನ್ನು ಸಾಕುತ್ತಾರೆ. ಮನೆಗೆ ಮರಿಯೊಂದು ಬಂದಾಗ, ಅಥವಾ ಮನೆಯ ಹೆಣ್ಣುಕುದುರೆಯೇ ಮರಿ ಹಾಕಿದಾಗ, ಪ್ರತಿ ಸಾಕಣೆದಾರನ ಮುಂದೆಯೂ ಒಂದು ಪ್ರಶ್ನೆ ನಿಲ್ಲುತ್ತದೆ: ಇದನ್ನು ತಳಿ ಸಂಘದಲ್ಲಿ ನೋಂದಾಯಿಸಬೇಕೆ? ಸದಸ್ಯತ್ವದ ಹಣ, ನೋಂದಣಿ ಶುಲ್ಕ, ಡಿಎನ್‌ಎ ಪರೀಕ್ಷೆ, ಮಾಲೀಕತ್ವ ವರ್ಗಾವಣೆ, ಕೆಲವು ವರ್ಷ ಕಳೆದ ಮೇಲೆ ಕಾಯಂ ಪತ್ರ ಎಂದು ಖರ್ಚು ಒಂದರ ಹಿಂದೊಂದು ಬರುತ್ತದೆ. ಕುದುರೆಯನ್ನೇ ಅಗ್ಗಕ್ಕೆ ಕೊಂಡಿದ್ದರೆ ಕಾಗದದ ಖರ್ಚು ಕುದುರೆಯ ಬೆಲೆಯನ್ನು ಮೀರುವುದೂ ಉಂಟು.

ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಕುದುರೆಯಿಂದ ಏನು ಕೆಲಸ ಆಗಬೇಕು, ಅದು ಹೆಣ್ಣೋ ಗಂಡೋ, ಬೀಜ ತೆಗೆಸಿದ ಗಂಡೋ, ವಯಸ್ಸೆಷ್ಟು, ತಂದೆತಾಯಿಗೆ ಪತ್ರ ಇದೆಯೋ ಇಲ್ಲವೋ ಎಂಬುದರ ಮೇಲೆ ಲೆಕ್ಕ ತಿರುಗುತ್ತದೆ. ಆ ಲೆಕ್ಕ ಹಾಕಲು ನೋಂದಣಿ ಪುಸ್ತಕ ಹುಟ್ಟಿದ್ದು ಹೇಗೆಂದು ಮೊದಲು ನೋಡಬೇಕು.

ಗಿಡ್ಡ ಕುದುರೆಗಳ ಮೇಲಿನ ಮೋಹ ಹಳೆಯದು. ಯುರೋಪಿನ ಅರಮನೆಗಳಲ್ಲಿ ಇವು ರಾಜಮನೆತನದ ಮಕ್ಕಳ ಆಟದ ಸಂಗಾತಿಗಳಾಗಿದ್ದವು. ಬ್ರಿಟನ್ನಿನಲ್ಲಿ ಮಾತ್ರ ಇವುಗಳ ಪಾಲಿಗೆ ಬಂದದ್ದು ಕತ್ತಲೆ. ಹೆಂಗಸರು ಮತ್ತು ಹತ್ತು ವರ್ಷದೊಳಗಿನ ಹುಡುಗರು ಗಣಿಯೊಳಗೆ ದುಡಿಯುವುದನ್ನು 1842ರ ಕಾಯಿದೆ ನಿಷೇಧಿಸಿದ ಮೇಲೆ, ತಗ್ಗಾದ ಸುರಂಗಗಳಲ್ಲಿ ಕಲ್ಲಿದ್ದಲ ಬಂಡಿ ಎಳೆಯಲು ಶೆಟ್‌ಲ್ಯಾಂಡ್ ದ್ವೀಪಗಳ ಪೋನಿಗಳಿಗೆ ಬೇಡಿಕೆ ಏರಿತು. ಇವುಗಳ ಸಂತತಿ ಅಟ್ಲಾಂಟಿಕ್ ದಾಟಿ ಅಮೆರಿಕದ ಗಣಿಗಳಿಗೂ ಹೋಯಿತು. ಇನ್ನೊಂದು ಕವಲು ಅರ್ಜೆಂಟೀನಾದ್ದು. ಬ್ಯೂನಸ್ ಐರಿಸ್ ಬಳಿಯ ಜಮೀನಿನಲ್ಲಿ ಫಲಾಬೆಲ್ಲಾ ಮನೆತನ ತಲೆಮಾರುಗಳ ಕಾಲ ಗಿಡ್ಡವನ್ನು ಗಿಡ್ಡದೊಂದಿಗೆ ಕೂಡಿಸಿ ಬೆಳೆಸಿದ ತಳಿಗೆ ಆ ಮನೆತನದ ಹೆಸರೇ ಉಳಿದಿದೆ. ಇಂದಿನ ಅಮೆರಿಕನ್ ಮಿನಿಯೇಚರ್ ಕುದುರೆಯಲ್ಲಿ ಶೆಟ್‌ಲ್ಯಾಂಡ್ ರಕ್ತವೂ ಇದೆ, ಫಲಾಬೆಲ್ಲಾ ರಕ್ತವೂ ಇದೆ, ಯಾವ ದಾಖಲೆಗೂ ಸಿಗದ ಊರ ಪೋನಿಗಳ ರಕ್ತವೂ ಇದೆ.

ಈ ಬೆರಕೆಯನ್ನು ಪುಸ್ತಕಕ್ಕೆ ಇಳಿಸುವ ಕೆಲಸ ತಡವಾಗಿ ಶುರುವಾಯಿತು. 1888ರಲ್ಲಿ ಸ್ಥಾಪನೆಯಾದ ಅಮೆರಿಕನ್ ಶೆಟ್‌ಲ್ಯಾಂಡ್ ಪೋನಿ ಕ್ಲಬ್ 1972ರಲ್ಲಿ ಅಮೆರಿಕನ್ ಮಿನಿಯೇಚರ್ ಹಾರ್ಸ್ ರಿಜಿಸ್ಟ್ರಿ ಎಂಬ ವಿಭಾಗವನ್ನು ತೆರೆಯಿತು. ಎಎಂಎಚ್‌ಆರ್ ಎಂದು ಕರೆಯುವ ಈ ರಿಜಿಸ್ಟ್ರಿಯ ಕಚೇರಿ ಇಲಿನಾಯ್ ರಾಜ್ಯದಲ್ಲಿದೆ. 1978ರಲ್ಲಿ ಇದಕ್ಕೆ ಪ್ರತ್ಯೇಕವಾಗಿ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್, ಅಂದರೆ ಎಎಂಎಚ್‌ಎ, ಟೆಕ್ಸಸ್‌ನಲ್ಲಿ ಹುಟ್ಟಿಕೊಂಡಿತು. ಇವೆರಡರ ನಡುವಿನ ಮುಖ್ಯ ವ್ಯತ್ಯಾಸ ನಾಲ್ಕು ಅಂಗುಲದ್ದು. ಎಎಂಎಚ್‌ಎ 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರ್ ಮೀರಿದ ಕುದುರೆಯನ್ನು ಒಪ್ಪುವುದಿಲ್ಲ. ಎಎಂಎಚ್‌ಆರ್‌ನಲ್ಲಿ 34 ಅಂಗುಲದವರೆಗೆ ‘ಎ’ ವಿಭಾಗ, ಅದರ ಮೇಲೆ 38 ಅಂಗುಲದವರೆಗೆ ‘ಬಿ’ ವಿಭಾಗ. ಒಂದೇ ಕುದುರೆ ಎರಡರಲ್ಲೂ ನೋಂದಣಿಯಾಗಿರಬಹುದು. ಮಾರಾಟದ ಜಾಹೀರಾತುಗಳಲ್ಲಿ ‘ಡಬಲ್ ರಿಜಿಸ್ಟರ್ಡ್’ ಎಂದು ದೊಡ್ಡಕ್ಷರದಲ್ಲಿ ಕಾಣುವುದು ಇದೇ.

ನೋಂದಣಿಗೆ ಪತ್ರದಷ್ಟೇ ಅಳತೆಗೋಲೂ ಮುಖ್ಯವಾದದ್ದು ಈ ತಳಿಯ ವಿಶೇಷ. ಥರೋಬ್ರೆಡ್ ರೇಸ್ ಕುದುರೆಯಲ್ಲಿ ರಕ್ತವೇ ಎಲ್ಲ. ತಂದೆ ತಾಯಿ ಇಬ್ಬರೂ ಪುಸ್ತಕದಲ್ಲಿದ್ದರೆ ಮರಿಯೂ ಪುಸ್ತಕ ಸೇರುತ್ತದೆ, ಎತ್ತರ ಎಷ್ಟೇ ಇರಲಿ. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟುವ ಥರೋಬ್ರೆಡ್ ಮರಿಗೆ ಭಾರತೀಯ ಸ್ಟಡ್ ಬುಕ್ಕಿನಲ್ಲಿ ಹೆಸರಿಲ್ಲದಿದ್ದರೆ ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಓಡುವ ಹಕ್ಕೇ ಇಲ್ಲ. ಅಲ್ಲಿ ನೋಂದಣಿ ಲಾಭದಾಯಕವೇ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ನೋಂದಣಿ ಇಲ್ಲದ ರೇಸ್ ಕುದುರೆಗೆ ದುಡಿಮೆಯೇ ಇಲ್ಲ. ಮಿನಿಯ ವಿಷಯ ಹಾಗಲ್ಲ. ಅಪ್ಪಟ ವಂಶದ ಮರಿ ಕೂಡ ಬೆಳೆದು 34 ಅಂಗುಲ ದಾಟಿದರೆ ಎಎಂಎಚ್‌ಎ ಪತ್ರವನ್ನು ಕಳೆದುಕೊಳ್ಳುತ್ತದೆ. ಪತ್ರವೇ ಇಲ್ಲದ ಮಿನಿಯಾದರೋ ಗಾಡಿ ಎಳೆಯುತ್ತದೆ, ಮಕ್ಕಳನ್ನು ನಗಿಸುತ್ತದೆ, ತನ್ನ ಪಾಡಿಗೆ ಮೂವತ್ತು ವರ್ಷದ ತನಕ ಬದುಕುತ್ತದೆ. ನೋಂದಣಿಯ ಬಗ್ಗೆ ವಾದ ಸಾಧ್ಯವಾಗಿರುವುದೇ ಈ ಸಡಿಲದಿಂದಾಗಿ.

ಅಳತೆಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಜಗತ್ತಿನ ಬಹುತೇಕ ಕಡೆ ಕುದುರೆಯ ಎತ್ತರವನ್ನು ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿನ ಹೆಗಲ ಉಬ್ಬಿನಿಂದ ನೆಲಕ್ಕೆ ಅಳೆಯುತ್ತಾರೆ. ಅಮೆರಿಕದ ಎರಡೂ ಮಿನಿಯೇಚರ್ ಸಂಘಗಳು ಮಾತ್ರ ಜೂಲಿನ ಕೊನೆಯ ಕೂದಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅಳೆಯುತ್ತವೆ. ಆ ಜಾಗ ಸಾಮಾನ್ಯವಾಗಿ ಉಬ್ಬಿಗಿಂತ ತುಸು ಹಿಂದೆ, ತುಸು ತಗ್ಗಿನಲ್ಲಿರುತ್ತದೆ. ಹೀಗಾಗಿ ಅಲ್ಲಿನ 34 ಅಂಗುಲದ ಕುದುರೆ ಬೇರೆ ದೇಶದ ಅಳತೆಗೋಲಿನಲ್ಲಿ ಅದಕ್ಕಿಂತ ಎತ್ತರ ತೋರುತ್ತದೆ. ಕುದುರೆಯನ್ನು ಗಟ್ಟಿ ಸಮತಟ್ಟು ನೆಲದ ಮೇಲೆ ನಾಲ್ಕೂ ಕಾಲು ನೆಟ್ಟಗೆ ಊರಿ ನಿಲ್ಲಿಸಬೇಕು, ಅಡ್ಡಪಟ್ಟಿ ಇರುವ ಕೋಲನ್ನು ಪಕ್ಕಕ್ಕಿಟ್ಟು ಪಟ್ಟಿಯನ್ನು ಕೂದಲ ತುದಿಗೆ ಇಳಿಸಬೇಕು, ಪಟ್ಟಿಯ ಮೇಲಿನ ರಸಮಟ್ಟದ ಗುಳ್ಳೆ ನಡುವೆ ನಿಂತಾಗ ಅಂಕಿ ಓದಬೇಕು. ಕೇಳಲು ಸರಳ, ಆದರೆ ಅರ್ಧ ಅಂಗುಲಕ್ಕೆ ಜಗಳಗಳಾಗುವುದು ಇಲ್ಲೇ. ಗೊರಸನ್ನು ಅತಿಯಾಗಿ ಕೆತ್ತಿಸಿ ತರುವುದು, ಕಾಲುಗಳನ್ನು ಹಿಂದೆ ಮುಂದೆ ಚಾಚಿ ಬೆನ್ನು ತಗ್ಗಿಸಿ ನಿಲ್ಲುವಂತೆ ಪಳಗಿಸುವುದು ಹಳೆಯ ಕುತಂತ್ರಗಳು. ಗೊರಸು ಮಿತಿಮೀರಿ ಕೆತ್ತಿದ ಕುದುರೆ ನೋವಿನಿಂದ ಕುಂಟುತ್ತದೆ. ಒಂದು ಕಾಗದಕ್ಕಾಗಿ ಇಷ್ಟು ಮಾಡುವವರ ಕೈಯಲ್ಲಿ ಕುದುರೆ ಇರಲೇಬಾರದು.

ಇನ್ನು ನೋಂದಣಿಯ ದಾರಿ. ಇದು ಮರಿ ಹುಟ್ಟುವುದಕ್ಕಿಂತ ಬಹಳ ಮೊದಲೇ, ಗಬ್ಬ ಕಟ್ಟಿಸುವ ದಿನದಿಂದಲೇ ಶುರುವಾಗುತ್ತದೆ. ಬೀಜದ ಕುದುರೆಯ ಮಾಲೀಕ ಆ ವರ್ಷ ತನ್ನ ಕುದುರೆ ಯಾವ ಯಾವ ಹೆಣ್ಣುಗಳೊಂದಿಗೆ, ಯಾವ ದಿನಾಂಕದಂದು ಕೂಡಿತು ಎಂಬ ವರದಿಯನ್ನು ಸಂಘಕ್ಕೆ ಕಳಿಸಬೇಕು. ಸುಮಾರು ಹನ್ನೊಂದು ತಿಂಗಳಿಗೆ ಮರಿ ಹುಟ್ಟುತ್ತದೆ. ಹೆಣ್ಣಿನ ಮಾಲೀಕ ಅರ್ಜಿ ತುಂಬಿ, ಬೀಜದ ಕುದುರೆಯವನ ಸಹಿ ಪಡೆದು, ಮರಿಯ ಬಣ್ಣ ಮತ್ತು ಗುರುತುಗಳನ್ನು ಬರೆದು, ಎಲ್ಲ ಬದಿಗಳಿಂದ ತೆಗೆದ ಫೋಟೊಗಳ ಜತೆ ಕಳಿಸುತ್ತಾನೆ. ಡಿಎನ್‌ಎ ಪರೀಕ್ಷೆಗೆ ಜೂಲಿನಿಂದಲೋ ಬಾಲದಿಂದಲೋ ಬೇರು ಸಮೇತ ಕಿತ್ತ ಒಂದಿಷ್ಟು ಕೂದಲು ಸಾಕು. ಕತ್ತರಿಸಿದ ಕೂದಲಿನಿಂದ ಪ್ರಯೋಜನವಿಲ್ಲ, ಪರೀಕ್ಷೆಗೆ ಬೇಕಾದ ಜೀವಕೋಶ ಇರುವುದು ಬೇರಿನಲ್ಲಿ. ಪ್ರಯೋಗಾಲಯ ಅದನ್ನು ತಂದೆತಾಯಿಯ ಮಾದರಿಗಳೊಂದಿಗೆ ಹೋಲಿಸಿ ಮರಿ ಅವರದೇ ಹೌದೋ ಅಲ್ಲವೋ ಹೇಳುತ್ತದೆ. ಬೇಲಿ ಹಾರಿದ ಪಕ್ಕದ ಹೊಲದ ಗಂಡಿನ ಕಥೆ ಹೊರಬೀಳುವುದು ಈ ಹಂತದಲ್ಲಿ.

ಮೊದಲು ಸಿಗುವುದು ತಾತ್ಕಾಲಿಕ ಪತ್ರ. ಎಎಂಎಚ್‌ಆರ್‌ನಲ್ಲಿ ಮೂರು ವರ್ಷಕ್ಕೆ, ಎಎಂಎಚ್‌ಎಯಲ್ಲಿ ಐದು ವರ್ಷಕ್ಕೆ ಕುದುರೆಯ ಬೆಳವಣಿಗೆ ನಿಂತಿತೆಂದು ಲೆಕ್ಕ. ಆಗ ಮತ್ತೆ ಅಳತೆ, ಮತ್ತೆ ಫೋಟೊ, ಮತ್ತೆ ಶುಲ್ಕ ಆಗಿ ಕಾಯಂ ಪತ್ರ ಬರುತ್ತದೆ. ಮಾಲೀಕರಲ್ಲಿ ಅನೇಕರು ಮರೆಯುವುದು ಈ ಎರಡನೆಯ ಹಂತವನ್ನೇ. ಹತ್ತು ವರ್ಷದ ಕುದುರೆಯ ಜತೆ ಮರಿ ವಯಸ್ಸಿನ ತಾತ್ಕಾಲಿಕ ಪತ್ರ ಹಿಡಿದು ಮಾರಲು ಬರುವವರು ಕಡಿಮೆಯೇನಿಲ್ಲ.

ಶುಲ್ಕದ ಪಟ್ಟಿ ಆಗಾಗ ಬದಲಾಗುತ್ತದೆ, ಆದರೆ ಅದರ ಸ್ವರೂಪ ಬದಲಾಗುವುದಿಲ್ಲ. ಮರಿ ಎಳೆಯದಾಗಿದ್ದಷ್ಟೂ ಶುಲ್ಕ ಕಡಿಮೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಅರ್ಜಿ ಹಾಕಿದರೆ ಕೆಲವು ಹತ್ತು ಡಾಲರುಗಳಲ್ಲಿ ಮುಗಿಯುತ್ತದೆ, ವರ್ಷ ದಾಟಿದರೆ ಏರುತ್ತದೆ, ಎರಡು ದಾಟಿದರೆ ಇನ್ನೂ ಏರುತ್ತದೆ. ಸದಸ್ಯರಿಗೆ ಒಂದು ದರ, ಸದಸ್ಯರಲ್ಲದವರಿಗೆ ಅದಕ್ಕಿಂತ ಹೆಚ್ಚಿನ ದರ. ತಂದೆತಾಯಿಗೆ ಪತ್ರವಿಲ್ಲದ ಬೆಳೆದ ಕುದುರೆಯನ್ನು ಬರೀ ಎತ್ತರ ಮತ್ತು ತಪಾಸಣೆಯ ಆಧಾರದ ಮೇಲೆ ಪುಸ್ತಕಕ್ಕೆ ಸೇರಿಸುವ ವಿಶೇಷ ದಾರಿಗೆ ಅಮೆರಿಕದವರು ‘ಹಾರ್ಡ್‌ಶಿಪ್’ ನೋಂದಣಿ ಎನ್ನುತ್ತಾರೆ. ಈ ಬಾಗಿಲು ಯಾವಾಗ ಯಾರಿಗೆ ಎಷ್ಟು ತೆರೆದಿರಬೇಕೆಂಬ ನಿಯಮವನ್ನು ಸಂಘಗಳು ಕಾಲಕಾಲಕ್ಕೆ ಬದಲಿಸಿವೆ. ತೆರೆದಾಗಲೂ ದರ ಮರಿಯ ನೋಂದಣಿಗಿಂತ ಹಲವು ಪಟ್ಟು ಹೆಚ್ಚು. ಅದರಲ್ಲೂ ಬೀಜ ತೆಗೆಸಿದ ಗಂಡಿಗೆ ಕಡಿಮೆ, ಹೆಣ್ಣಿಗೆ ಹೆಚ್ಚು, ಬೀಜದ ಕುದುರೆಗೆ ಎಲ್ಲಕ್ಕಿಂತ ಹೆಚ್ಚು. ಈ ಏರಿಳಿತದಲ್ಲಿ ಒಂದು ನ್ಯಾಯವಿದೆ. ಬೀಜ ತೆಗೆಸಿದ ಗಂಡಿನಿಂದ ತಳಿಗೆ ಲಾಭವೂ ಇಲ್ಲ, ಹಾನಿಯೂ ಇಲ್ಲ. ಬೀಜದ ಕುದುರೆ ಒಂದೇ ಋತುವಿನಲ್ಲಿ ಹತ್ತಾರು ಮರಿಗಳಿಗೆ ತಂದೆಯಾಗಬಲ್ಲದು, ಅದರ ದೋಷವೂ ಅಷ್ಟೇ ವೇಗದಲ್ಲಿ ಹರಡುತ್ತದೆ.

ಇಷ್ಟು ಖರ್ಚಿಗೆ ಸಿಗುವುದೇನು? ಮೊದಲನೆಯದು ಸಂಘದ ಪ್ರದರ್ಶನಗಳಿಗೆ ಪ್ರವೇಶ. ಎಎಂಎಚ್‌ಎ ‘ವರ್ಲ್ಡ್ ಶೋ’ ನಡೆಸುತ್ತದೆ, ಎಎಂಎಚ್‌ಆರ್‌ಗೆ ತನ್ನದೇ ರಾಷ್ಟ್ರೀಯ ಪ್ರದರ್ಶನವಿದೆ. ಅಂಗಸೌಷ್ಠವ, ಗಾಡಿ ಓಟ, ಹಗ್ಗ ಹಿಡಿದು ಬೇಲಿ ಹಾರಿಸುವುದು ಮೊದಲಾದ ಸ್ಪರ್ಧೆಗಳಲ್ಲಿ ಪತ್ರವಿಲ್ಲದ ಕುದುರೆಯನ್ನು ಅಂಗಳದೊಳಗೂ ಬಿಡುವುದಿಲ್ಲ. ಎರಡನೆಯದು ಸಂತತಿಯ ಹಕ್ಕು. ತಾಯಿಗೆ ಪತ್ರವಿಲ್ಲದಿದ್ದರೆ ಮರಿಗೂ ಇಲ್ಲ, ಒಂದು ತಲೆಮಾರು ಕಟ್ಟದ ಶುಲ್ಕದ ಬೆಲೆಯನ್ನು ಮುಂದಿನ ತಲೆಮಾರುಗಳೆಲ್ಲ ತೆರಬೇಕಾಗುತ್ತದೆ. ಮೂರನೆಯದು ಬೆಲೆ. ಹೆಸರಾಂತ ಬೀಜದ ಕುದುರೆಗಳ ವಂಶಕ್ಕೆ ಅಮೆರಿಕದಲ್ಲಿ ದೊಡ್ಡ ಮಾರುಕಟ್ಟೆಯಿದೆ. ಬೂನ್ಸ್ ಲಿಟ್ಲ್ ಬಕರೂ ಎಂಬ ಬೀಜದ ಕುದುರೆಯ ಹೆಸರು ವಂಶಾವಳಿಯಲ್ಲಿ ಕಂಡರೆ ಅದು ಸತ್ತು ಎಷ್ಟೋ ಕಾಲವಾದ ಮೇಲೂ ಕೊಳ್ಳುವವರ ಕಿವಿ ನೆಟ್ಟಗಾಗುತ್ತದೆ. ಪತ್ರವಿಲ್ಲದೆ ‘ಇದು ಬಕರೂ ಮೊಮ್ಮಗ’ ಎಂದರೆ ಅದು ಬಾಯಿಮಾತು, ಮಾರುಕಟ್ಟೆಯಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿಲ್ಲ.

ಬೆಲೆಯ ಈ ವಾದ ಒಂದು ಕಾಲದಲ್ಲಿ ಇನ್ನೂ ಗಟ್ಟಿಯಾಗಿತ್ತು. 1980 ಮತ್ತು 90ರ ದಶಕಗಳಲ್ಲಿ ಮಿನಿಯೇಚರ್ ಕುದುರೆ ಅಮೆರಿಕದಲ್ಲಿ ಹೂಡಿಕೆಯ ವಸ್ತುವಾಗಿತ್ತು, ಒಳ್ಳೆಯ ಪತ್ರವಿರುವ ಹೆಣ್ಣಿಗೆ ಸಾವಿರಾರು ಡಾಲರ್ ಬರುತ್ತಿತ್ತು. 2008ರ ಆರ್ಥಿಕ ಕುಸಿತದ ಹೊತ್ತಿಗೆ ಇಡೀ ಕುದುರೆ ಮಾರುಕಟ್ಟೆಯೇ ನೆಲಕಚ್ಚಿತು, ಮಿನಿಯೂ ಅದರಲ್ಲಿ ಸೇರಿತು. ಹುಲ್ಲಿನ ಬೆಲೆ ಏರಿತು, ಕೊಳ್ಳುವವರು ಕಾಣೆಯಾದರು, ಪತ್ರವಿದ್ದ ಕುದುರೆಗಳೂ ಹರಾಜು ಕಟ್ಟೆಗಳಲ್ಲಿ ಬಿಡಿಗಾಸಿಗೆ ಹೋದವು. ಕಾಗದ ಬೆಲೆಯನ್ನು ಏರಿಸಬಲ್ಲದು, ಕೊಳ್ಳುವವನನ್ನು ಹುಟ್ಟಿಸಲಾರದು ಎಂಬುದು ಆಗ ಬಹಳ ಜನಕ್ಕೆ ಅರಿವಾಯಿತು. ‘ನೋಂದಣಿ ಮಾಡಿಸಿದರೆ ಖರ್ಚು ಎರಡು ಪಟ್ಟು ವಾಪಸ್’ ಎಂದು ಹೇಳುವ ಮಾರಾಟಗಾರರು ಇಂದಿಗೂ ಇದ್ದಾರೆ. ಅದನ್ನು ನಂಬಿ ಲೆಕ್ಕ ಹಾಕುವುದು ಬೇಡ.

ಪತ್ರದಿಂದ ಸಿಗದೇ ಇರುವ ಪಟ್ಟಿ ಇನ್ನೂ ಉದ್ದ. ನೋಂದಣಿ ಪತ್ರ ಹೊಲದ ಪಹಣಿ ಇದ್ದ ಹಾಗೆ: ಯಾರದು, ಎಲ್ಲಿಂದ ಬಂತು ಎಂದು ಹೇಳುತ್ತದೆ, ಬೆಳೆ ಚೆನ್ನಾಗಿ ಬರುತ್ತದೆಂದು ಹೇಳುವುದಿಲ್ಲ. ಕುದುರೆಯ ಕಾಲು ನೆಟ್ಟಗಿದೆಯೇ, ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡುತ್ತವೆಯೇ, ಮಗು ಬಾಲ ಎಳೆದರೆ ಒದೆಯುತ್ತದೆಯೇ ಎಂಬ ಯಾವುದೂ ಅದರಲ್ಲಿಲ್ಲ. ಗಾಡಿ ಸ್ಪರ್ಧೆಗಳಲ್ಲಿಯೂ ಎಲ್ಲ ಕಡೆ ಪತ್ರ ಬೇಕಿಲ್ಲ. ಅಮೆರಿಕನ್ ಡ್ರೈವಿಂಗ್ ಸೊಸೈಟಿಯ ಸ್ಪರ್ಧೆಗಳಲ್ಲಿ 99 ಸೆಂಟಿಮೀಟರಿಗಿಂತ ಗಿಡ್ಡ ಕುದುರೆಗಳಿಗೆಂದೇ ಒಂದು ವರ್ಗವಿದೆ, ಅಲ್ಲಿ ಕೇಳುವುದು ಎತ್ತರವನ್ನು, ವಂಶವನ್ನಲ್ಲ. ಹಳ್ಳಿ ಮಟ್ಟದ ಮೇಳಗಳೂ ಬಹುಪಾಲು ಹಾಗೆಯೇ.

ದೃಷ್ಟಿಹೀನರಿಗೆ ದಾರಿ ತೋರುವ ಕೆಲಸದಲ್ಲೂ ಪತ್ರಕ್ಕೆ ಸ್ಥಾನವಿಲ್ಲ. ನಾಯಿಯ ಬದಲು ಗಿಡ್ಡ ಕುದುರೆಯನ್ನು ಪಳಗಿಸುವ ಪ್ರಯತ್ನ 1990ರ ದಶಕದ ಕೊನೆಯಲ್ಲಿ ನಾರ್ತ್ ಕೆರೊಲಿನಾದಲ್ಲಿ ಆರಂಭವಾಯಿತು. ನಾಯಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾಲ ಬದುಕುತ್ತದೆ, ನಾಯಿಯ ಕೂದಲು ಆಗದವರಿಗೆ, ನಾಯಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ಸಂಪ್ರದಾಯದವರಿಗೆ ಒಗ್ಗುತ್ತದೆ ಎಂಬುದು ಇದರ ಪರವಾದ ವಾದ. ಅಂಗವಿಕಲರ ಹಕ್ಕುಗಳ ಕಾಯಿದೆಯ ಅಡಿಯಲ್ಲಿ 2011ರಿಂದ ಜಾರಿಗೆ ಬಂದ ಅಮೆರಿಕದ ನಿಯಮಗಳು ನಾಯಿಯ ಜತೆಗೆ ಮಿನಿಯೇಚರ್ ಕುದುರೆಯನ್ನೂ ಹೆಸರಿಸಿ ಸಾರ್ವಜನಿಕ ಸ್ಥಳಗಳಲ್ಲಿ ಅವಕಾಶ ಕೊಟ್ಟಿವೆ. ಸಾಮಾನ್ಯವಾಗಿ 24ರಿಂದ 34 ಅಂಗುಲ ಎತ್ತರ, 70ರಿಂದ 100 ಪೌಂಡ್ ತೂಕ ಎಂದು ಅಲ್ಲಿ ವಿವರಿಸಲಾಗಿದೆ. ಕುದುರೆ ಕೆಲಸಕ್ಕೆ ಪಳಗಿದೆಯೇ, ಮಲಮೂತ್ರದ ಶಿಸ್ತು ಕಲಿತಿದೆಯೇ, ಮಾಲೀಕನ ಹಿಡಿತದಲ್ಲಿದೆಯೇ, ಆ ಕಟ್ಟಡದಲ್ಲಿ ಅದಕ್ಕೆ ಜಾಗ ಸಾಲುತ್ತದೆಯೇ, ಇಷ್ಟನ್ನು ಆ ನಿಯಮ ನೋಡುತ್ತದೆ. ತಳಿ ಸಂಘದ ಮುದ್ರೆ ಬೇಕೆಂದು ಎಲ್ಲೂ ಹೇಳುವುದಿಲ್ಲ.

ಪತ್ರ ಹೇಳದ ಇನ್ನೊಂದು ಸಂಗತಿ ಈ ತಳಿಯ ಅತಿ ದೊಡ್ಡ ಆರೋಗ್ಯ ಸಮಸ್ಯೆಯಾದ ಕುಬ್ಜತೆ. ಗಿಡ್ಡ ಕುದುರೆ ಬೇರೆ, ಕುಬ್ಜ ಕುದುರೆ ಬೇರೆ. ಸರಿಯಾದ ಮಿನಿಯ ಎಲ್ಲ ಅಂಗಗಳೂ ಒಂದೇ ಪ್ರಮಾಣದಲ್ಲಿ ಕಿರಿದಾಗಿರುತ್ತವೆ. ಕುಬ್ಜ ಮರಿಯಲ್ಲಾದರೆ ತಲೆ ಮೈಗೆ ಮೀರಿ ದೊಡ್ಡದು, ಹಣೆ ಉಬ್ಬಿರುತ್ತದೆ, ಕೆಳದವಡೆ ಮುಂದೆ ಚಾಚಿರುತ್ತದೆ, ಕಾಲು ಮೊಟಕಾಗಿ ಸೊಟ್ಟಗಿರುತ್ತವೆ, ಎಷ್ಟೋ ಮರಿಗಳಿಗೆ ಉಸಿರಾಟವೇ ಕಷ್ಟ. ಕೀಲುನೋವು ಬದುಕಿನುದ್ದಕ್ಕೂ ಕಾಡುತ್ತದೆ. ಗಿನ್ನೆಸ್ ದಾಖಲೆಯಿಂದ ಜಗತ್ತಿನ ಅತಿ ಚಿಕ್ಕ ಕುದುರೆ ಎಂದು ಹೆಸರಾದ ಅಮೆರಿಕದ ಥಂಬೆಲಿನಾ ಬರೀ 44.5 ಸೆಂಟಿಮೀಟರ್ ಎತ್ತರವಿತ್ತು. ಅದೂ ಕುಬ್ಜ ಮಿನಿಯೇ. ಜನ ಅದನ್ನು ಮುದ್ದಿನಿಂದ ನೋಡಿದರು, ಅದರ ಕಾಲುಗಳ ವಕ್ರತೆಯನ್ನು ಗಮನಿಸಿದವರು ಕಡಿಮೆ.

ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೂಲವನ್ನು ತೋರಿಸಿತು. ಮೃದ್ವಸ್ಥಿ ರೂಪುಗೊಳ್ಳಲು ಬೇಕಾದ ಅಗ್ರಿಕ್ಯಾನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ನಾಲ್ಕು ಬಗೆಯ ದೋಷಗಳಿವೆ, ಡಿ1ರಿಂದ ಡಿ4ರವರೆಗೆ ಇವಕ್ಕೆ ಹೆಸರು. ಒಂದು ದೋಷವನ್ನು ಮಾತ್ರ ಹೊತ್ತ ಕುದುರೆ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಪ್ರದರ್ಶನ ಗೆದ್ದಿರಲೂಬಹುದು. ಅಂಥ ಎರಡು ಕುದುರೆಗಳು ಕೂಡಿದರೆ ಪ್ರತಿ ಗಬ್ಬದಲ್ಲೂ ಮರಿ ಎರಡೂ ಕಡೆಯಿಂದ ದೋಷ ಪಡೆಯುವ ಸಂಭವ ನಾಲ್ಕರಲ್ಲಿ ಒಂದು. ಆಗ ಕುಬ್ಜ ಮರಿ ಹುಟ್ಟಬಹುದು, ಇಲ್ಲವೇ ಗಬ್ಬವೇ ಕಳೆದುಹೋಗಬಹುದು. ಕಣ್ಣಿನಿಂದ ನೋಡಿ ಇದನ್ನು ತಿಳಿಯುವ ದಾರಿಯಿಲ್ಲ. ತಿಳಿಯಲು ಬೇಕಾದದ್ದು ಆ ಬೇರು ಸಮೇತ ಕಿತ್ತ ಕೂದಲು ಮತ್ತು ಒಂದು ಪರೀಕ್ಷೆ.

ನೋಂದಣಿಯ ಬೆಲೆಯನ್ನು ತೂಗಬೇಕಾದದ್ದು ಇಲ್ಲಿ. ಬರೀ ಪತ್ರ ಮರಿಯನ್ನು ಈ ದೋಷದಿಂದ ಕಾಪಾಡುವುದಿಲ್ಲ. ದಶಕಗಳ ಕಾಲ ಎತ್ತರವೊಂದನ್ನೇ ಬೆನ್ನಟ್ಟಿ, ಗಿಡ್ಡವನ್ನು ಗಿಡ್ಡಕ್ಕೆ ಕೂಡಿಸಿ ಈ ದೋಷಗಳನ್ನು ಹರಡಿದ್ದೂ ಪತ್ರವಿದ್ದ ತಳಿಗಾರರೇ. ಆದರೆ ದೋಷ ಎಲ್ಲಿಂದ ಬಂತು, ಎಲ್ಲೆಲ್ಲಿ ಹೋಯಿತು ಎಂದು ಹುಡುಕಲು ವಂಶಾವಳಿ ಬಿಟ್ಟರೆ ಬೇರೆ ಆಧಾರವಿಲ್ಲ. ಡಿಎನ್‌ಎಯಿಂದ ಖಾತ್ರಿಯಾದ ತಂದೆತಾಯಿಯ ಹೆಸರು ಮತ್ತು ಕುಬ್ಜತೆಯ ಪರೀಕ್ಷೆ ಎರಡೂ ಇದ್ದಾಗ ತಳಿಗಾರ ದೋಷವುಳ್ಳ ಕುದುರೆಯನ್ನು ದೋಷವಿಲ್ಲದ್ದರೊಂದಿಗೆ ಮಾತ್ರ ಕೂಡಿಸಿ ಅಪಾಯವನ್ನು ತಪ್ಪಿಸಬಲ್ಲ. ಕೈಯಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಪರೀಕ್ಷೆಯೇ ಮೊದಲು, ಪತ್ರ ಆಮೇಲೆ. ಎರಡಕ್ಕೂ ಹಣವಿಲ್ಲದವನು ಮರಿ ಹಾಕಿಸುವ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಮಿನಿಗಳಲ್ಲಿ ಹೆರಿಗೆ ತೊಡಕು ದೊಡ್ಡ ಕುದುರೆಗಳಿಗಿಂತ ಹೆಚ್ಚು. ಮರಿಯ ಹಣೆ ಅಗಲ, ತಾಯಿಯ ಕಟಿ ಕಿರಿದು. ನಡುರಾತ್ರಿ ಪಶುವೈದ್ಯರನ್ನು ಒಮ್ಮೆ ಕರೆಸಿದ ಖರ್ಚಿನ ಮುಂದೆ ನೋಂದಣಿ ಶುಲ್ಕ ಲೆಕ್ಕಕ್ಕೇ ಇಲ್ಲ.

ಸಾಕುವ ಖರ್ಚಿನ ಜತೆ ಇಟ್ಟು ನೋಡಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಬೇಕು. ವರ್ಷಕ್ಕೊಮ್ಮೆ ಲಸಿಕೆ, ಹಲ್ಲು ತಪಾಸಣೆ, ಜಂತುಹುಳಕ್ಕೆ ಔಷಧಿ, ವರ್ಷವಿಡೀ ಒಣಹುಲ್ಲು. ಗಿಡ್ಡದಾದ್ದರಿಂದ ತಿನ್ನುವುದು ಕಡಿಮೆ ಎಂಬುದು ನಿಜ, ಆದರೆ ಹಸಿರು ಹುಲ್ಲುಗಾವಲಿಗೆ ಮನಸೋಇಚ್ಛೆ ಬಿಟ್ಟರೆ ಬೊಜ್ಜು ಬಂದು ಗೊರಸಿನ ಉರಿಯೂತಕ್ಕೆ ತುತ್ತಾಗುತ್ತದೆ. ಕಾಯಿಲೆ ಬಿದ್ದು ಮೇವು ಬಿಟ್ಟರೆ ರಕ್ತದಲ್ಲಿ ಕೊಬ್ಬು ಏರಿ ಕೆಲವೇ ದಿನಗಳಲ್ಲಿ ಸಾಯಲೂಬಹುದು. ಇಂಥ ಪ್ರಾಣಿಯನ್ನು ಇಪ್ಪತ್ತೈದು ಮೂವತ್ತು ವರ್ಷ ಸಾಕುವವನಿಗೆ ಮರಿಯ ವಯಸ್ಸಿನಲ್ಲಿ ಕಟ್ಟುವ ನೋಂದಣಿ ಶುಲ್ಕ ಎರಡು ಮೂರು ಬಾರಿ ಗೊರಸು ಕೆತ್ತಿಸಿದಷ್ಟೇ.

ಈ ಹಿನ್ನೆಲೆಯಲ್ಲಿ ತೀರ್ಮಾನ ಕಷ್ಟವಲ್ಲ. ತಂದೆತಾಯಿ ಇಬ್ಬರಿಗೂ ಪತ್ರವಿರುವ ಮರಿಯನ್ನು, ಹೆಣ್ಣಾಗಲಿ ಗಂಡಾಗಲಿ, ಎಳವೆಯಲ್ಲೇ ನೋಂದಾಯಿಸುವುದು ಸರಿ. ಮುಂದೆ ಅದು ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ, ಇಂದಿನ ಸಣ್ಣ ಖರ್ಚು ನಾಳೆ ದೊಡ್ಡದಾಗುತ್ತದೆ, ಬೀಜದ ಕುದುರೆಯ ಮಾಲೀಕ ತೀರಿಕೊಂಡರೆ ಅಥವಾ ಊರು ಬಿಟ್ಟರೆ ಸಹಿಯೇ ಸಿಗದೆ ಹೋಗಬಹುದು. ಮರಿ ಹಾಕಿಸುವ ಹೆಣ್ಣಿಗೂ ಬೀಜದ ಗಂಡಿಗೂ ಪತ್ರ ಇರಲೇಬೇಕು. ಪತ್ರವಿಲ್ಲದ ಗಂಡನ್ನು ಬೀಜಕ್ಕೆ ಉಳಿಸಿಕೊಳ್ಳುವುದಕ್ಕೆ ಒಂದು ಒಳ್ಳೆಯ ಕಾರಣವೂ ಇಲ್ಲ, ಬೀಜ ತೆಗೆಸಿದರೆ ಅದರ ಸ್ವಭಾವವೂ ಹದಕ್ಕೆ ಬರುತ್ತದೆ. ಆದರೆ ಹಿತ್ತಲಲ್ಲಿ ಮಕ್ಕಳೊಂದಿಗೆ ಆಡಿಕೊಂಡಿರುವ, ಬೀಜ ತೆಗೆಸಿದ, ಬೆಳೆದ, ಪತ್ರವಿಲ್ಲದ ಗಂಡಿಗೆ ಹಾರ್ಡ್‌ಶಿಪ್ ದಾರಿಯಲ್ಲಿ ನೂರಾರು ಡಾಲರ್ ಸುರಿಯುವುದು ದಂಡ. ಮಾಲೀಕನಿಗೆ ಸಂಘದ ಪ್ರದರ್ಶನದಲ್ಲೇ ಸ್ಪರ್ಧಿಸುವ ಆಸೆಯಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ.

ಎರಡೂ ಸಂಘಗಳಲ್ಲಿ ನೋಂದಾಯಿಸುವ ಪ್ರಶ್ನೆ ಇದಕ್ಕಿಂತ ತುಸು ಸೂಕ್ಷ್ಮ. 32 ಅಂಗುಲಕ್ಕೆ ನಿಲ್ಲುವ ಕುದುರೆಗೆ ಎರಡನೆಯ ಪತ್ರ ಮಾರಾಟದ ಅನುಕೂಲ ಅಷ್ಟೆ. 34ರ ಗಡಿಯಲ್ಲಿ ತೂಗುತ್ತಿರುವ ಎಳೆಗುದುರೆಗೆ ಅದು ವಿಮೆ ಇದ್ದಂತೆ ಕೆಲಸ ಮಾಡುತ್ತದೆ. ಅರ್ಧ ಅಂಗುಲ ಹೆಚ್ಚು ಬೆಳೆದು ಎಎಂಎಚ್‌ಎಯಿಂದ ಹೊರಬಿದ್ದರೂ ಎಎಂಎಚ್‌ಆರ್‌ನ ‘ಬಿ’ ವಿಭಾಗದಲ್ಲಿ ಉಳಿಯುತ್ತದೆ. ಇವೆರಡರ ಹೊರಗೆ ಇನ್ನೂ ಹಲವು ಸಣ್ಣ ಸಂಘಗಳಿವೆ, ಬಣ್ಣದ ಆಧಾರದ ಮೇಲೆ ನೋಂದಾಯಿಸುವ ಪಿಂಟೊ ಸಂಘವೂ ಗಿಡ್ಡ ಕುದುರೆಗಳನ್ನು ಸೇರಿಸಿಕೊಳ್ಳುತ್ತದೆ. ತಂದೆತಾಯಿಯ ಗುರುತನ್ನು ಪರೀಕ್ಷಿಸದೆ ಹಣ ಕಳಿಸಿದವರಿಗೆಲ್ಲ ಪತ್ರ ಕೊಡುವ ಸಂಘದ ಕಾಗದಕ್ಕೆ ಮಾತ್ರ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದನ್ನು ಬಿಟ್ಟರೆ ಬೇರೆ ಉಪಯೋಗವಿಲ್ಲ.

ಬ್ರಿಟನ್ನಿನಲ್ಲಿ ಈ ಚರ್ಚೆಯ ಅರ್ಧ ಭಾಗವನ್ನು ಕಾನೂನೇ ಮುಗಿಸಿದೆ. ಅಲ್ಲಿ ತಳಿ ಸಂಘದ ನೋಂದಣಿ ಐಚ್ಛಿಕವಾದರೂ ಪ್ರತಿ ಕುದುರೆಗೂ, ಪೋನಿಗೂ, ಕತ್ತೆಗೂ ಪಾಸ್‌ಪೋರ್ಟ್ ಕಡ್ಡಾಯ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರಿನಿಂದ ಎಲ್ಲ ವಯಸ್ಸಿನ ಕುದುರೆಗಳಿಗೂ ಮೈಕ್ರೋಚಿಪ್ ಕೂಡ ಕಡ್ಡಾಯವಾಗಿದೆ. ಪಾಸ್‌ಪೋರ್ಟಿನಲ್ಲಿ ಕುದುರೆಯ ರೇಖಾಚಿತ್ರವಿದ್ದು, ಪಶುವೈದ್ಯರು ಅದರ ಮೇಲೆ ಬಿಳಿ ಮಚ್ಚೆಗಳನ್ನೂ ಕೂದಲಿನ ಸುಳಿಗಳನ್ನೂ ಗುರುತು ಹಾಕುತ್ತಾರೆ. ನಮ್ಮ ದನದ ಜಾತ್ರೆಗಳಲ್ಲಿ ರೈತರು ಎತ್ತಿನ ಸುಳಿ ನೋಡುವುದು ಶುಭಾಶುಭ ತಿಳಿಯಲು. ಅಲ್ಲಿ ಅದೇ ಸುಳಿ ಇದು ಅದೇ ಕುದುರೆ ಎಂದು ಸಾಬೀತು ಮಾಡುವ ಗುರುತು. ಹೇಗೂ ಪಾಸ್‌ಪೋರ್ಟಿಗೆ ಹಣ ಕೊಡಲೇಬೇಕಾದ್ದರಿಂದ ತಳಿ ಸಂಘದ ಮೂಲಕವೇ ಅದನ್ನು ಮಾಡಿಸಿ ಎರಡೂ ಕೆಲಸ ಒಟ್ಟಿಗೆ ಮುಗಿಸುವವರು ಅಲ್ಲಿ ಬಹಳ.

ಕೊಳ್ಳುವವನು ನೋಡಬೇಕಾದ ಕೆಲವು ಸಂಗತಿಗಳು ಉಳಿದಿವೆ. ‘ಪತ್ರ ಆಮೇಲೆ ಕಳಿಸುತ್ತೇನೆ’ ಎಂಬ ಮಾತಿಗೆ ಪತ್ರದ ಬೆಲೆ ಕೊಡಬಾರದು. ಪತ್ರದಲ್ಲಿರುವ ಬಣ್ಣ, ಮಚ್ಚೆ, ವಯಸ್ಸು ಮುಂದೆ ನಿಂತ ಕುದುರೆಗೆ ತಾಳೆಯಾಗಬೇಕು. ಮಾರುವವನ ಹೆಸರೇ ಪತ್ರದ ಕೊನೆಯ ಮಾಲೀಕನ ಹೆಸರಾಗಿರಬೇಕು, ನಡುವೆ ಇಬ್ಬರು ಮೂವರ ಕೈ ದಾಟಿ ವರ್ಗಾವಣೆ ಆಗದೆ ಉಳಿದಿದ್ದರೆ ಅವರೆಲ್ಲರ ಸಹಿ ಹುಡುಕುವ ಹೊಣೆ ಕೊಂಡವನ ತಲೆಗೆ ಬರುತ್ತದೆ. ಐದು ದಾಟಿದ ಕುದುರೆಗೆ ಕಾಯಂ ಪತ್ರ ಕೇಳಬೇಕು, ಎತ್ತರವನ್ನು ತಾನೇ ಅಳೆದು ನೋಡಬೇಕು. ಮರಿ ಹಾಕಿಸುವ ಉದ್ದೇಶವಿದ್ದರೆ ಡಿ1ರಿಂದ ಡಿ4ರವರೆಗಿನ ಪರೀಕ್ಷೆಯ ಫಲಿತಾಂಶವನ್ನು ಹಣ ಕೊಡುವ ಮೊದಲೇ ಕೈಗೆ ತೆಗೆದುಕೊಳ್ಳಬೇಕು. ವರ್ಗಾವಣೆ ಅರ್ಜಿಗೆ ಮಾರುವವನ ಸಹಿ ಹಾಕಿಸಿಕೊಳ್ಳಲು ಸರಿಯಾದ ಹೊತ್ತು ಹಣ ಎಣಿಸುವ ಹೊತ್ತೇ. ಕುದುರೆ ಗಾಡಿ ಹತ್ತಿದ ಮೇಲೆ ಆ ಸಹಿ ಸಿಗುವುದು ಕಷ್ಟ.